ಚಿತ್ರಕಲೆಯ ಉಸ್ತಾದ್ ಕಮಾಲುದ್ದೀನ್ ಬೆಹ್ಜಾದ್



ಮುಸ್ಲಿಮರ ಕಲೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ವಿಜಾಪುರದ ಗೋಲಗುಮ್ಮಟ, ಆಗ್ರಾದ ತಾಜ್ ಮಹಲ್, ಮಸೀದಿಯ ಗೋಡೆಗಳ ಮೇಲೆ ಬಳ್ಳಿಯಂತೆ ಹಬ್ಬಿದ ಅರಬಿ ಅಕ್ಷರಗಳು. ಕಲ್ಲಿನಲ್ಲಿ ಕಟ್ಟಿದ್ದು ದೂರದಿಂದಲೇ ಕಾಣುತ್ತದೆ. ಆದರೆ ಪುಸ್ತಕದ ಎರಡು ರಟ್ಟುಗಳ ನಡುವೆ, ಒಂದು ಪುಟದ ಅಳತೆಯಲ್ಲಿ ಬೆಳೆದ ಕಲೆಯೊಂದಿದೆ. ಅದನ್ನು ನೋಡಬೇಕಾದರೆ ಪುಸ್ತಕ ತೆರೆದು ತಲೆ ಬಾಗಿಸಬೇಕು. ಅದೇ ಪರ್ಷಿಯನ್ ಚಿಕಣಿ ಚಿತ್ರಕಲೆ. ಈ ಕಲೆಯಲ್ಲಿ ಐದು ಶತಮಾನಗಳಿಂದ ಮೊದಲು ಹೇಳುವ ಹೆಸರು ಉಸ್ತಾದ್ ಕಮಾಲುದ್ದೀನ್ ಬೆಹ್ಜಾದ್ ಅವರದು.

ನಮ್ಮ ವಿದ್ಯಾರ್ಥಿಗಳಲ್ಲಿ ಮೈಕೆಲೆಂಜೆಲೊ, ಲಿಯೊನಾರ್ಡೊ ಅವರ ಹೆಸರು ಕೇಳದವರು ವಿರಳ. ಅವರದೇ ಕಾಲದಲ್ಲಿ ಬದುಕಿದ್ದ ಬೆಹ್ಜಾದರ ಹೆಸರು ಕೇಳಿದವರು ಎಷ್ಟು ಮಂದಿ? ಆದ್ದರಿಂದ ಈ ಬಾರಿ ಅವರ ಬದುಕನ್ನು ನಿಮ್ಮ ಮುಂದಿಡುವ ಒಂದು ಪ್ರಯತ್ನ.

ಬೆಹ್ಜಾದ್ ಹುಟ್ಟಿದ್ದು ಹೆರಾತ್ ನಗರದಲ್ಲಿ, 15ನೇ ಶತಮಾನದ ಮಧ್ಯಭಾಗದಲ್ಲಿ. ಇಂದು ಅಫ್ಘಾನಿಸ್ತಾನದ ಪಶ್ಚಿಮ ಭಾಗದಲ್ಲಿರುವ ಹೆರಾತ್ ಆಗ ತೈಮೂರನ ವಂಶದವರ ರಾಜಧಾನಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಈ ಯತೀಮ್ ಬಾಲಕನನ್ನು ಸಾಕಿದವರು ಮೀರಕ್ ನಕ್ಕಾಶ್ ಎಂಬ ಚಿತ್ರಕಾರರು. ಇವರು ಅರಮನೆಯ ಗ್ರಂಥಾಲಯದ ಮುಖ್ಯಸ್ಥರು. ನೀವು ಊಹಿಸುವಂತೆ ಮೂಲೆಯಲ್ಲಿ ಕುಳಿತು ಕುಂಚ ಹಿಡಿಯುವ ಸಾಧು ಮನುಷ್ಯರೇನೂ ಅಲ್ಲ. ಅಂಗಸಾಧನೆಯಲ್ಲಿ ಪಳಗಿದ ಕಟ್ಟುಮಸ್ತಾದ ಆಳು. ಕುಳಿತ ಕಡೆಯೇ ಚಿತ್ರ ಬಿಡಿಸುತ್ತಿದ್ದರೆಂದು ಆ ಕಾಲದ ಇತಿಹಾಸಕಾರ ಮಿರ್ಜಾ ಹೈದರ್ ದುಗ್ಲತ್ ಬರೆದಿಟ್ಟಿದ್ದಾರೆ. ಅನಾಥ ಮಗುವಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟವರು ಒಬ್ಬರೇ ಆದರು.

ಇಲ್ಲಿ ಗ್ರಂಥಾಲಯ ಎಂಬ ಪದ ಓದಿ ನೀವು ಇಂದಿನ ಲೈಬ್ರರಿಯನ್ನು ನೆನೆಯಬಾರದು. ಕಿತಾಬ್‌ಖಾನಾ ಎಂದು ಕರೆಯಲಾಗುತ್ತಿದ್ದ ಆ ಸ್ಥಳದಲ್ಲಿ ಪುಸ್ತಕಗಳನ್ನು ಇಡುತ್ತಿದ್ದುದು ಮಾತ್ರವಲ್ಲ, ತಯಾರಿಸುತ್ತಿದ್ದರು ಕೂಡ. ಅದೊಂದು ಕಾರ್ಯಾಗಾರ, ಅದೇ ಪಾಠಶಾಲೆ. ಒಬ್ಬರು ಕಾಗದಕ್ಕೆ ಗಂಜಿ ಹಚ್ಚಿ, ಒಣಗಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುವರು. ಇನ್ನೊಬ್ಬರು ಗೆರೆ ಎಳೆಯುವರು. ಲಿಪಿಕಾರರು ಕಾವ್ಯವನ್ನು ಬರೆಯುತ್ತಾ, ಚಿತ್ರ ಬರಬೇಕಾದಲ್ಲಿ ಜಾಗ ಬಿಡುವರು. ಚಿತ್ರಕಾರರ ಸರದಿ ಅನಂತರ. ಬಣ್ಣಗಳೂ ಅಲ್ಲೇ ತಯಾರಾಗಬೇಕು. ಬದಕ್ಷಾನ್ ಪರ್ವತಗಳಿಂದ ತಂದ ಲಾಜವರ್ದ ಎಂಬ ನೀಲಿ ಕಲ್ಲನ್ನು ಅರೆದು, ಮತ್ತೆ ಮತ್ತೆ ತೊಳೆದು ನೀಲಿ ತೆಗೆಯುತ್ತಿದ್ದರು. ಕೆಂಪಿಗೆ ಇಂಗಲೀಕ, ಹಳದಿಗೆ ಹರಿದಳ. ಚಿನ್ನವನ್ನು ಹಾಳೆ ಮಾಡಿ, ಪುಡಿ ಮಾಡಿ, ಅಂಟಿನಲ್ಲಿ ಕಲಸುವರು. ಕುಂಚಕ್ಕೆ ಅಳಿಲಿನ ಬಾಲದ ಅಥವಾ ಬೆಕ್ಕಿನ ಮರಿಯ ಕೂದಲು. ಹೊಸ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಗುರುವಿನ ಚಿತ್ರವನ್ನು ನಕಲು ಮಾಡುವುದನ್ನು. ತೆಳು ಹಾಳೆಯಲ್ಲಿ ರೇಖೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಮೇಲೆ ಇದ್ದಿಲ ಪುಡಿ ತಟ್ಟಿದರೆ ಕೆಳಗಿನ ಕಾಗದದ ಮೇಲೆ ಚುಕ್ಕೆ ಚುಕ್ಕೆಯಾಗಿ ಚಿತ್ರದ ಅಚ್ಚು ಇಳಿಯುತ್ತಿತ್ತು. ಬೆಹ್ಜಾದ್ ಬೆಳೆದದ್ದು ಇಂಥ ಜಾಗದಲ್ಲಿ.

ಅದೃಷ್ಟವಶಾತ್ ಅವರ ಕಾಲದ ಹೆರಾತ್ ವಿದ್ವಾಂಸರ ಬೀಡಾಗಿತ್ತು. 1469ರಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಹುಸೇನ್ ಬಾಯ್ಕರಾ ಸ್ವತಃ ಕವಿ. ಆತನ ಆಪ್ತ ಅಮೀರ್ ಅಲೀ ಶೇರ್ ನವಾಯಿ ತುರ್ಕಿ ಭಾಷೆಯ ಮಹಾಕವಿ. ಫಾರಸಿ ಕವಿ, ಸೂಫಿ ವಿದ್ವಾಂಸ ಮೌಲಾನಾ ಜಾಮಿ ಅದೇ ಊರಿನಲ್ಲಿದ್ದರು. ಮೀರ್‌ಖ್ವಾಂದ್ ಇತಿಹಾಸ ಬರೆಯುತ್ತಿದ್ದರು, ಸುಲ್ತಾನ್ ಅಲೀ ಮಶ್‌ಹದಿ ಎಂಬ ಲಿಪಿಕಾರರ ಕೈಬರಹಕ್ಕೆ ಸಾಟಿಯಿರಲಿಲ್ಲ. ಮೊದಲು ನವಾಯಿಯವರ, ನಂತರ ಸುಲ್ತಾನನ ಆಶ್ರಯ ಯುವಕ ಬೆಹ್ಜಾದರಿಗೆ ದೊರೆಯಿತು.

ಇಲ್ಲಿ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಜೀವವಿರುವವುಗಳ ಚಿತ್ರ ಬಿಡಿಸುವುದಕ್ಕೆ ಉಲಮಾಗಳ ಆಕ್ಷೇಪ ಇರಲಿಲ್ಲವೇ? ಇತ್ತು. ಅಂದೂ ಇತ್ತು, ಇಂದೂ ಅದರ ಬಗ್ಗೆ ಚರ್ಚೆ ನಡೆಯುತ್ತಿದೆ. ಆದ್ದರಿಂದಲೇ ಮಸೀದಿಗಳಲ್ಲಿ, ಕುರ್‌ಆನ್ ಪ್ರತಿಗಳಲ್ಲಿ ಇಂಥ ಚಿತ್ರಗಳು ಬರಲಿಲ್ಲ. ಅಲ್ಲಿ ಅಕ್ಷರ ಮತ್ತು ಬಳ್ಳಿ ಹೂಗಳ ಅಲಂಕಾರವೇ ಬೆಳೆಯಿತು. ಕಾವ್ಯ, ಇತಿಹಾಸ, ವೈದ್ಯ ಮುಂತಾದ ಗ್ರಂಥಗಳಲ್ಲಿ ಮಾತ್ರ ಚಿತ್ರಗಳಿಗೆ ಜಾಗ ಸಿಕ್ಕಿತು. ಗೋಡೆಗೆ ತೂಗುಹಾಕಲು ಅಲ್ಲ, ಓದುವವನು ಒಬ್ಬನೇ ಕುಳಿತು ನೋಡಲು. ಈ ವಾದದಲ್ಲಿ ಯಾರದು ಸರಿ ಎಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ನಮ್ಮ ಇತಿಹಾಸದಲ್ಲಿ ಎರಡೂ ಇದ್ದವು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಬೆಹ್ಜಾದರ ಕೃತಿಗಳಲ್ಲಿ ಎಲ್ಲರೂ ಒಪ್ಪುವ, ಸಂಶಯಕ್ಕೆ ಎಡೆಯಿಲ್ಲದ ಕೃತಿ ಕೈರೋ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಶೇಖ್ ಸಅದಿಯವರ ಬೋಸ್ತಾನ್ ಕಾವ್ಯದ ಹಸ್ತಪ್ರತಿ ಅದು. ಸುಲ್ತಾನ್ ಹುಸೇನನಿಗಾಗಿ ಸುಲ್ತಾನ್ ಅಲೀ ಮಶ್‌ಹದಿ ಬರೆದದ್ದು, ಕಾಲ ಹಿಜರಿ 893, ಅಂದರೆ ಕ್ರಿ.ಶ. 1488. ಅದರ ನಾಲ್ಕು ಚಿತ್ರಗಳಲ್ಲಿ ಬೆಹ್ಜಾದ್ ತಮ್ಮ ಹೆಸರು ಬರೆದಿದ್ದಾರೆ.

ಅವುಗಳಲ್ಲಿ ಒಂದನ್ನು ನೋಡಿ. ಇರಾನಿನ ಅರಸ ದಾರಾ ಬೇಟೆಗೆ ಹೋಗಿ ಪರಿವಾರದಿಂದ ಬೇರೆಯಾಗಿದ್ದಾನೆ. ದೂರದಿಂದ ಒಬ್ಬ ಮನುಷ್ಯ ಓಡಿ ಬರುವುದನ್ನು ಕಂಡು ಶತ್ರುವೆಂದು ಬಗೆದು ಬಿಲ್ಲೆತ್ತುತ್ತಾನೆ. ಬಂದವನು ಅರಸನದೇ ಕುದುರೆಗಳನ್ನು ಮೇಯಿಸುವ ಆಳು. ಸಾವಿರಾರು ಕುದುರೆಗಳ ನಡುವೆ ಯಾವ ಕುದುರೆ ಎಂದರೂ ಗುರುತಿಸಿ ತರುವೆ, ಆದರೆ ಅರಸನಾದ ನಿನಗೆ ಎಷ್ಟೋ ಬಾರಿ ಕಂಡ ನಿನ್ನ ಆಳಿನ ಗುರುತೇ ಸಿಗಲಿಲ್ಲವಲ್ಲ ಎಂದು ಅವನು ಅರಸನಿಗೇ ಬುದ್ಧಿ ಹೇಳುತ್ತಾನೆ. ಬೇರೆ ಚಿತ್ರಕಾರನಾದರೆ ಅರಸನನ್ನು ದೊಡ್ಡದಾಗಿ, ಆಳನ್ನು ಚಿಕ್ಕದಾಗಿ ಬರೆದು ಮುಗಿಸುತ್ತಿದ್ದನೇನೋ. ಬೆಹ್ಜಾದ್ ಹಸಿರು ಹುಲ್ಲುಗಾವಲಿನಲ್ಲಿ ಮೇಯುವ ಕುದುರೆಗಳನ್ನೂ ಹಾಲು ಕುಡಿಯುವ ಮರಿಯನ್ನೂ ಅಷ್ಟೇ ಅಕ್ಕರೆಯಿಂದ ಬರೆದಿದ್ದಾರೆ. ಚಿತ್ರಕಾರನ ಹೆಸರು ಎಲ್ಲಿದೆ ಗೊತ್ತೇ? ಅರಸನ ಬತ್ತಳಿಕೆಯ ಮೇಲೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಹೆಸರಿನ ಹಿಂದೆ ಅಬ್ದ್, ಅಂದರೆ ದಾಸ ಎಂಬ ಪದ.

ಅದೇ ಗ್ರಂಥದ ಇನ್ನೊಂದು ಚಿತ್ರದಲ್ಲಿ ಮಸೀದಿಯ ಬಾಗಿಲಿಗೆ ಬಂದ ಹರಕು ಬಟ್ಟೆಯ ಭಿಕ್ಷುಕನನ್ನು ಒಬ್ಬ ತಡೆಯುತ್ತಿದ್ದಾನೆ. ಒಳಗೆ ವುಝೂ ಮಾಡುವವರು, ನಮಾಝಿನಲ್ಲಿ ತೊಡಗಿದವರು. ಮೂರನೆಯದು ಹಝ್ರತ್ ಯೂಸುಫ್ (ಅ) ಅವರ ಪ್ರಸಂಗ. ಸಅದಿಯವರ ಕಾವ್ಯದಲ್ಲಿ ಅರಮನೆಯ ವರ್ಣನೆ ಇಲ್ಲ. ಅದು ಇರುವುದು ಜಾಮಿಯವರು ಕೆಲವೇ ವರ್ಷಗಳ ಹಿಂದೆ ಬರೆದಿದ್ದ ಕಾವ್ಯದಲ್ಲಿ: ಜುಲೇಖಾ ಕಟ್ಟಿಸಿದ ಏಳು ಕೋಣೆಗಳ ಅರಮನೆ, ಒಂದೊಂದಾಗಿ ಬೀಗ ಬಿದ್ದ ಬಾಗಿಲುಗಳು. ಬೆಹ್ಜಾದ್ ಒಬ್ಬ ಕವಿಯ ಪುಸ್ತಕಕ್ಕೆ ಇನ್ನೊಬ್ಬ ಕವಿಯ ಅರಮನೆಯನ್ನು ತಂದರು. ಪುಟದ ತುಂಬ ಮೆಟ್ಟಿಲುಗಳು ಅಂಕುಡೊಂಕಾಗಿ ಏರುತ್ತವೆ, ಎಲ್ಲಾ ಬಾಗಿಲುಗಳೂ ಮುಚ್ಚಿವೆ, ತುತ್ತ ತುದಿಯಲ್ಲಿ ಕೈಚಾಚಿದ ಜುಲೇಖಾ ಮತ್ತು ತಪ್ಪಿಸಿಕೊಂಡು ಓಡುತ್ತಿರುವ ಯೂಸುಫ್. ಇಷ್ಟು ದೊಡ್ಡ ಮನೆಯಲ್ಲಿ ಇನ್ನೊಂದು ನರಪಿಳ್ಳೆಯಿಲ್ಲ. ಚಿತ್ರಕಾರರು ಚೆನ್ನಾಗಿ ಓದಿಕೊಂಡವರೂ ಆಗಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಮಟ್ಟಿಗೆ ಹೇಳುವುದಾದರೆ ಬೆಹ್ಜಾದರ ದೊಡ್ಡತನ ಕಾಣುವುದು ಕಟ್ಟಡ ಕಟ್ಟುವವರ ಚಿತ್ರಗಳಲ್ಲಿ. ತೈಮೂರನ ಚರಿತ್ರೆಯಾದ ಝಫರ್‌ನಾಮಾ ಗ್ರಂಥದ ಒಂದು ಪ್ರತಿ ಈಗ ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದೆ. ಅದರ ಚಿತ್ರಗಳು ಬೆಹ್ಜಾದರವೆಂದು ಪರಂಪರೆಯಿಂದ ಹೇಳುತ್ತಾ ಬಂದಿದ್ದಾರೆ. 1398ರಲ್ಲಿ ದೆಹಲಿಯನ್ನು ಸೂರೆ ಮಾಡಿದ ತೈಮೂರ್ ಸಮರ್‌ಕಂದಿನಲ್ಲಿ ಭಾರೀ ಮಸೀದಿಯೊಂದನ್ನು ಕಟ್ಟಿಸಿದನಷ್ಟೆ. ಆ ಚಿತ್ರದಲ್ಲಿ ಹಿಂದುಸ್ತಾನದಿಂದ ಕೊಂಡೊಯ್ದ ಆನೆ ಕಲ್ಲು ಸಾಗಿಸುತ್ತಿದೆ, ಕಲ್ಲುಕುಟಿಗರು ಉಳಿ ಹಿಡಿದಿದ್ದಾರೆ, ಮೇಸ್ತ್ರಿ ಕೋಲೆತ್ತಿ ಕೂಲಿಯವನ ಮೇಲೆ ಬೀಳುತ್ತಿದ್ದಾನೆ. ಅರಸನ ಕೀರ್ತಿಗಾಗಿ ಮಾಡಿದ ಪುಸ್ತಕದಲ್ಲಿ ಆ ಕೋಲೂ ಇದೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ನಿಝಾಮಿಯವರ ಖಂಸಾ ಗ್ರಂಥದಲ್ಲಿ (ಕಾಲ 1494-95) ಇಂಥದೇ ಇನ್ನೊಂದು ಚಿತ್ರವಿದೆ. ಖವರ್ನಕ್ ಎಂಬ ಅರಮನೆ ಏಳುತ್ತಿದೆ. ಮರದ ಸಾರ್ವೆ, ಅದಕ್ಕೆ ಒರಗಿಸಿದ ಏಣಿ, ಗಾರೆ ಕಲಸುವವನು, ಇಟ್ಟಿಗೆ ಹೊರುವವನು, ಮೇಲಿನವನಿಗೆ ಇಟ್ಟಿಗೆ ಎತ್ತಿಕೊಡುವವನು. ನಿಮ್ಮೂರಿನಲ್ಲಿ ಮನೆ ಕಟ್ಟುವಾಗ ನೀವು ನೋಡಿದ್ದೆಲ್ಲ ಅಲ್ಲಿದೆ. ಒಬ್ಬರ ಮೈಯ ಬಾಗು ಇನ್ನೊಬ್ಬರಂತಿಲ್ಲ. ಅರಸ ಚಿತ್ರದಲ್ಲಿಲ್ಲ. ಆದರೆ ಕಥೆ ಗೊತ್ತಿದ್ದವರಿಗೆ ಈ ಚಿತ್ರ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಈ ಅರಮನೆ ಕಟ್ಟಿದ ಶಿಲ್ಪಿ ಸಿನಿಮ್ಮಾರ್. ಕೆಲಸ ಮುಗಿದ ಮೇಲೆ, ಹೆಚ್ಚು ಹಣ ಕೊಟ್ಟಿದ್ದರೆ ಇದಕ್ಕಿಂತಲೂ ಚೆಲುವಾಗಿ ಕಟ್ಟುತ್ತಿದ್ದೆ ಎಂದು ಬಾಯಿಬಿಟ್ಟ. ಇನ್ನೊಬ್ಬ ಅರಸನಿಗೆ ಇದಕ್ಕಿಂತ ಮೇಲಿನದನ್ನು ಕಟ್ಟಿಕೊಟ್ಟಾನೆಂದು ಹೆದರಿದ ನುಅಮಾನ್ ರಾಜ ಅದೇ ಅರಮನೆಯ ಮೇಲಿನಿಂದ ಅವನನ್ನು ತಳ್ಳಿಸಿ ಕೊಲ್ಲಿಸಿದ. ಅರಸರಿಗೆ ಕೆಲಸ ಮಾಡುವ ಕುಶಲಕರ್ಮಿಯ ಪಾಡು ಇದು. ಅರಸನ ಸಂಬಳದಲ್ಲಿ ಕುಳಿತು, ಅರಸನ ಪುಸ್ತಕಕ್ಕೆ ಈ ಚಿತ್ರ ಬರೆದ ಕೈಗೆ ಆ ಕಥೆ ಗೊತ್ತಿರಲಿಲ್ಲವೆಂದು ಹೇಳಲಾಗದು.

ಅದೇ ಗ್ರಂಥದಲ್ಲಿ ಖಲೀಫ ಹಾರೂನ್ ರಶೀದ್ ಹಮ್ಮಾಮಿನಲ್ಲಿ ಕುಳಿತು ಕ್ಷೌರ ಮಾಡಿಸಿಕೊಳ್ಳುವ ಚಿತ್ರವಿದೆ. ಮೇಲೆ ಹಗ್ಗದಲ್ಲಿ ನೀಲಿ ಟವೆಲುಗಳು ಸಾಲಾಗಿ ಒಣಗುತ್ತಿವೆ, ಆಳೊಬ್ಬ ಉದ್ದನೆಯ ಕೋಲಿನಿಂದ ಅವುಗಳನ್ನು ಸರಿಪಡಿಸುತ್ತಿದ್ದಾನೆ. ಕಿರೀಟವೂ ಜರತಾರಿ ನಿಲುವಂಗಿಯೂ ಕಳಚಿದ ಮೇಲೆ ಖಲೀಫನಿಗೂ ಪಕ್ಕದವನಿಗೂ ಏನು ಭೇದ? ಬೆಹ್ಜಾದರಿಗಿಂತ ಮುಂಚಿನ ಚಿತ್ರಗಳಲ್ಲಿ ಕೆಲಸದವರು ಇರಲಿಲ್ಲವೆಂದಲ್ಲ. ಇದ್ದರು, ಆದರೆ ಹೆಚ್ಚಾಗಿ ಗೊಂಬೆಗಳ ಹಾಗೆ. ಅವರಿಗೆ ಬೆನ್ನು, ಬೆವರು, ಬೇಸರ ಕೊಟ್ಟವರು ಬೆಹ್ಜಾದ್.

ಅವರ ಕುಂಚವನ್ನು ಎಲ್ಲರೂ ಹೊಗಳಿದರೆಂದು ತಿಳಿಯಬೇಡಿ. 1506ರಲ್ಲಿ ಹೆರಾತಿಗೆ ಬಂದಿದ್ದ ಬಾಬರ್ (ಮುಂದೆ ಹಿಂದುಸ್ತಾನದಲ್ಲಿ ಮೊಘಲ್ ರಾಜ್ಯ ಸ್ಥಾಪಿಸಿದವನೇ) ತನ್ನ ಆತ್ಮಕಥೆಯಲ್ಲಿ ಬೆಹ್ಜಾದರ ಕೆಲಸ ಬಹಳ ನವಿರು ಎಂದು ಮೆಚ್ಚಿದ್ದಾನೆ. ಜೊತೆಗೆ ಒಂದು ಕುಂದನ್ನೂ ಹೇಳಿದ್ದಾನೆ. ಗಡ್ಡವಿರುವ ಮುಖಗಳನ್ನು ಸೊಗಸಾಗಿ ಬರೆಯುತ್ತಾರಂತೆ, ಗಡ್ಡವಿಲ್ಲದ ಮುಖಗಳಿಗೆ ಮಾತ್ರ ಗದ್ದ ಅತಿಯಾಗಿ ದಪ್ಪವಾಗುತ್ತದಂತೆ! ಎಂಥ ಹದ್ದಿನ ಕಣ್ಣು ನೋಡಿ.

1506ರಲ್ಲಿ ಸುಲ್ತಾನ್ ಹುಸೇನ್ ತೀರಿಕೊಂಡ. ಮಕ್ಕಳಲ್ಲಿ ಒಗ್ಗಟ್ಟಿರಲಿಲ್ಲ. ಮರುವರ್ಷವೇ ಉಜ್ಬೆಕರ ಶೈಬಾನಿ ಖಾನ್ ಹೆರಾತನ್ನು ಗೆದ್ದುಕೊಂಡ. ಬೆಹ್ಜಾದ್ ಊರು ಬಿಡಲಿಲ್ಲ. ಈ ಹೊಸ ಯಜಮಾನನಿಗೆ ತಾನೇ ಎಲ್ಲಾ ಕಲೆಗಳಲ್ಲಿ ಪಂಡಿತನೆಂಬ ಭ್ರಮೆ. ಬೆಹ್ಜಾದರ ಚಿತ್ರಗಳನ್ನೂ ಸುಲ್ತಾನ್ ಅಲಿಯವರ ಬರಹವನ್ನೂ ತಾನೇ ಲೇಖನಿ ಹಿಡಿದು ತಿದ್ದುತ್ತಿದ್ದನಂತೆ. ಇದನ್ನು ಬರೆದವನು ಶೈಬಾನಿಯಿಂದ ಸೋತು ಸಮರ್‌ಕಂದ್ ಕಳೆದುಕೊಂಡಿದ್ದ ಬಾಬರ್. ಆದ್ದರಿಂದ ಸ್ವಲ್ಪ ಉಪ್ಪು ಖಾರ ಸೇರಿರಲೂಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಶೈಬಾನಿಯ ಭಾವಚಿತ್ರವೊಂದಿದ್ದು, ಅದನ್ನು ಬೆಹ್ಜಾದರ ಹೆಸರಿಗೆ ಸೇರಿಸುತ್ತಾರೆ. ದಿಂಬಿಗೊರಗಿ ಗಟ್ಟಿಯಾಗಿ ಕುಳಿತ ಸ್ಥೂಲಕಾಯದ ಮನುಷ್ಯ. ಮುಖಸ್ತುತಿಯೂ ಇಲ್ಲ, ಅಣಕವೂ ಇಲ್ಲ.

1510ರಲ್ಲಿ ಮರ್ವ್ ಬಳಿ ಶೈಬಾನಿಯನ್ನು ಕೊಂದ ಸಫವಿ ವಂಶದ ಶಾ ಇಸ್ಮಾಯಿಲ್ ಹೆರಾತನ್ನು ವಶಪಡಿಸಿಕೊಂಡ. ಮತ್ತೆ ಯಜಮಾನ ಬದಲಾದ. ಈ ಬಾರಿ ಮಝ್‌ಹಬ್ ಕೂಡ ಬೇರೆ. ಸುನ್ನಿ ಅರಸರು ಹೋಗಿ ಶಿಯಾ ಅರಸರು ಬಂದರು. ಊರಿನ ಹಲವು ವಿದ್ವಾಂಸರ ಬದುಕು ಅಸ್ತವ್ಯಸ್ತವಾಯಿತು. ಕಿತಾಬ್‌ಖಾನಾದ ಕುಶಲಕರ್ಮಿಗಳು ಮಾತ್ರ ಎಲ್ಲರಿಗೂ ಬೇಕಾಗಿದ್ದರು.

1514ರ ಚಾಲ್ದಿರಾನ್ ಯುದ್ಧದ ಕುರಿತು ತುರ್ಕಿಯ ಲೇಖಕ ಮುಸ್ತಫಾ ಆಲಿ ಒಂದು ಸ್ವಾರಸ್ಯಕರ ಕಥೆ ಹೇಳುತ್ತಾನೆ. ಯುದ್ಧಕ್ಕೆ ಹೊರಡುವ ಮುನ್ನ ಶಾ ಇಸ್ಮಾಯಿಲ್ ಬೆಹ್ಜಾದರನ್ನೂ ಲಿಪಿಕಾರ ಶಾ ಮಹಮೂದರನ್ನೂ ಒಂದು ಗುಹೆಯಲ್ಲಿ ಬಚ್ಚಿಟ್ಟನಂತೆ. ಸೋತು ಮರಳಿದವನು ಮೊದಲು ಕೇಳಿದ್ದು ಅವರಿಬ್ಬರ ಕ್ಷೇಮವನ್ನಂತೆ. ಇದನ್ನು ನೀವು ಕಥೆಯೆಂದೇ ಓದಿ. ಮುಸ್ತಫಾ ಆಲಿ ಹುಟ್ಟಿದ್ದು ಯುದ್ಧ ಮುಗಿದು ಇಪ್ಪತ್ತೇಳು ವರ್ಷಗಳಾದ ಮೇಲೆ.

ಕಥೆಯಲ್ಲದ್ದು 1522ರ ಏಪ್ರಿಲ್ ತಿಂಗಳ ಒಂದು ಫರ್ಮಾನು. ಶಾ ಇಸ್ಮಾಯಿಲ್ ಬೆಹ್ಜಾದರನ್ನು ರಾಜಗ್ರಂಥಾಲಯದ ಮುಖ್ಯಸ್ಥರನ್ನಾಗಿ ನೇಮಿಸಿದ ಆದೇಶವದು. ಇತಿಹಾಸಕಾರ ಖ್ವಾಂದಮೀರ್ ಅದರ ಪಾಠವನ್ನು ತಮ್ಮ ಸಂಗ್ರಹದಲ್ಲಿ ಉಳಿಸಿದ್ದಾರೆ. ಲಿಪಿಕಾರರು, ಚಿತ್ರಕಾರರು, ಚಿನ್ನದ ಅಲಂಕಾರ ಮಾಡುವವರು, ಅಂಚಿನ ಗೆರೆ ಎಳೆಯುವವರು, ಚಿನ್ನ ಕರಗಿಸುವವರು, ಚಿನ್ನ ಬಡಿಯುವವರು, ಕೊನೆಗೆ ಲಾಜವರ್ದ ತೊಳೆಯುವವರು ಕೂಡ ಇನ್ನು ಅವರ ಅಧೀನ. ರಾಜಾಜ್ಞೆಯೊಂದರಲ್ಲಿ ನೀಲಿ ಕಲ್ಲು ತೊಳೆಯುವ ಕೂಲಿಯವನಿಗೂ ಸ್ಥಾನ ಸಿಕ್ಕಿದೆ. ಯತೀಮನಾಗಿ ಮೀರಕರ ಕೈಹಿಡಿದು ಬೆಳೆದ ಹುಡುಗ ಅದೇ ಮೀರಕರಿದ್ದ ಹುದ್ದೆಗೆ, ಇನ್ನೊಂದು ರಾಜ್ಯದಲ್ಲಿ, ಇಳಿವಯಸ್ಸಿನಲ್ಲಿ ಬಂದು ಕುಳಿತರು.

1524ರಲ್ಲಿ ಇಸ್ಮಾಯಿಲ್ ತೀರಿಕೊಂಡಾಗ ಪಟ್ಟಕ್ಕೇರಿದ ತಹ್ಮಾಸ್ಪ್ ಹತ್ತು ವರ್ಷದ ಹುಡುಗ. ಹೆರಾತಿನಲ್ಲಿ ಬಾಲ್ಯ ಕಳೆದವನು, ಸ್ವತಃ ಕುಂಚ ಹಿಡಿದವನು. ಅವನಿಗಾಗಿ ತಬ್ರೀಜ್‌ನಲ್ಲಿ ಸಿದ್ಧವಾದ ಶಾನಾಮಾ ಗ್ರಂಥದಲ್ಲಿ 258 ಚಿತ್ರಗಳಿವೆ. ಅದರಲ್ಲಿ ದುಡಿದ ಸುಲ್ತಾನ್ ಮುಹಮ್ಮದ್, ಮೀರ್ ಮುಸವ್ವಿರ್ ಮೊದಲಾದವರು ಮುಂದಿನ ತಲೆಮಾರಿನವರು. ಹೆರಾತಿನ ಶಿಸ್ತು ಮತ್ತು ತಬ್ರೀಜಿನ ಬಣ್ಣದ ಬಿರುಸು ಅಲ್ಲಿ ಒಂದಾದವು. (ಆ ಗ್ರಂಥದ ಗತಿ ಕೇಳಿದರೆ ನಿಮಗೆ ಸಂಕಟವಾದೀತು. 20ನೇ ಶತಮಾನದಲ್ಲಿ ಅದನ್ನು ಕೊಂಡ ಅಮೆರಿಕದ ಶ್ರೀಮಂತರೊಬ್ಬರು ಪುಟ ಪುಟವಾಗಿ ಬಿಡಿಸಿ ಮಾರಿದರು. ಉಳಿದ ಭಾಗವನ್ನು 1994ರಲ್ಲಿ ಇರಾನ್ ಸರ್ಕಾರ ಒಂದು ಆಧುನಿಕ ವರ್ಣಚಿತ್ರವನ್ನು ಕೊಟ್ಟು ಬಿಡಿಸಿಕೊಂಡಿತು.)

ಹಿಜರಿ 942ರಲ್ಲಿ, ಅಂದರೆ 1535-36ರಲ್ಲಿ, ಬೆಹ್ಜಾದ್ ಇಹಲೋಕ ತ್ಯಜಿಸಿದರು. ತಬ್ರೀಜ್ ನಗರದಲ್ಲಿ ಕವಿ ಕಮಾಲ್ ಖುಜಂದಿಯವರ ಪಕ್ಕದಲ್ಲಿ ಅವರನ್ನು ದಫನ ಮಾಡಲಾಯಿತೆಂದು ಆ ಊರಿನವರು ನಂಬಿದ್ದಾರೆ. ಇಬ್ಬರ ಹೆಸರಿನಲ್ಲೂ ಕಮಾಲ್ ಇರುವುದರಿಂದ ಆ ಸ್ಥಳಕ್ಕೆ ಎರಡು ಕಮಾಲರ ಮಕಬರಾ ಎಂದೇ ಹೆಸರು.

ಸತ್ತ ಮೇಲೆ ಅವರ ಹೆಸರು ಇನ್ನಷ್ಟು ಬೆಳೆಯಿತು, ಸ್ವಲ್ಪ ಅತಿಯಾಗಿಯೇ ಬೆಳೆಯಿತು. ಒಳ್ಳೆಯ ಚಿತ್ರ ಎಂದರೆ ಬೆಹ್ಜಾದರದೇ ಎನ್ನುವ ಕಾಲ ಬಂತು. ವ್ಯಾಪಾರಿಗಳು ಯಾರದೋ ಚಿತ್ರದ ಮೂಲೆಯಲ್ಲಿ ಅವರ ಹೆಸರು ಬರೆದು ಬೆಲೆ ಏರಿಸಿದರು. ಇಂದು ಕಲಾ ಇತಿಹಾಸಕಾರರು ಕೈರೋದ ಬೋಸ್ತಾನನ್ನು ಮುಂದಿಟ್ಟುಕೊಂಡು ಉಳಿದವನ್ನು ಒಂದೊಂದಾಗಿ ತೂಗಿ ನೋಡಬೇಕಾಗಿದೆ. ಅವರ ಶಿಷ್ಯ ಕಾಸಿಂ ಅಲಿಯಂಥವರ ಕೆಲಸ ಗುರುವಿನದಕ್ಕೆ ಎಷ್ಟು ಹತ್ತಿರ ಎಂದರೆ ಬೇರ್ಪಡಿಸುವುದೇ ಕಷ್ಟ. ಕಿತಾಬ್‌ಖಾನಾದ ಪದ್ಧತಿಯೇ ಅಂಥದ್ದು. ಒಂದು ಪುಟದಲ್ಲಿ ಹಲವರ ಕೈ.

ಆ ಕಲೆ ನಮ್ಮ ದೇಶಕ್ಕೂ ಬಂತು. ರಾಜ್ಯ ಕಳೆದುಕೊಂಡ ಹುಮಾಯೂನ್ 1544ರಲ್ಲಿ ತಹ್ಮಾಸ್ಪನ ಆಶ್ರಯಕ್ಕೆ ಹೋದಾಗ ಅಲ್ಲಿನ ಚಿತ್ರಕಾರರ ಪರಿಚಯವಾಯಿತು. ಮೀರ್ ಮುಸವ್ವಿರರ ಮಗ ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ಸಮದ್ 1549ರಲ್ಲಿ ಕಾಬೂಲಿಗೆ ಬಂದು ಹುಮಾಯೂನನನ್ನು ಸೇರಿಕೊಂಡರು. ಅಕ್ಬರನ ಕಾಲದಲ್ಲಿ ಅವರ ಕೈಕೆಳಗೆ ದಸವಂತ್, ಬಸಾವನ್ ಮೊದಲಾದ ಹಿಂದುಸ್ತಾನಿ ಕಲಾವಿದರು ತಯಾರಾದರು. ಕಾಬೂಲಿನಿಂದ 1585ರಲ್ಲಿ ಅಕ್ಬರನ ಬಳಿಗೆ ಬಂದ ಇರಾನಿ ಚಿತ್ರಕಾರ ಫರ್ರುಖ್ ಬೇಗ್ ಕೆಲವು ವರ್ಷ ನಮ್ಮ ವಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾನ ಆಸ್ಥಾನದಲ್ಲಿ ಕೆಲಸ ಮಾಡಿದರು.

ಬೆಹ್ಜಾದರ ಪುಸ್ತಕಗಳೂ ಬಂದವು. ಬಾಲ್ಟಿಮೋರಿನ ಝಫರ್‌ನಾಮಾ, ಲಂಡನ್ನಿನ ಖಂಸಾ ಎರಡೂ ಒಂದು ಕಾಲಕ್ಕೆ ಮೊಘಲರ ಗ್ರಂಥಾಲಯದಲ್ಲಿದ್ದವು. ಯಾವ ಚಿತ್ರದಲ್ಲಿ ಯಾರು ಕಣ್ಣು ಬರೆದರು, ಯಾರು ಹುಬ್ಬು ಬರೆದರು ಎಂದೂ ಹೇಳಬಲ್ಲೆನೆಂದು ಹೆಮ್ಮೆಪಡುತ್ತಿದ್ದ ಜಹಾಂಗೀರ್ ಬಾದಶಹ ಖಂಸಾದ ಪುಟಗಳನ್ನು ಒಂದೊಂದಾಗಿ ನೋಡಿ, ಅದರ 22 ಚಿತ್ರಗಳಲ್ಲಿ 16 ಬೆಹ್ಜಾದರವು, 5 ಅವರ ಗುರು ಮೀರಕರವು, 1 ಅಬ್ದುಲ್ ರಜಾಕ್ ಅವರದು ಎಂದು ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಸಾಕಿದ ಗುರು ಮತ್ತು ಸಾಕಿಸಿಕೊಂಡ ಶಿಷ್ಯ ಆ ಟಿಪ್ಪಣಿಯಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.